ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆ

ಪುಕ್ಯುಪಾತಾ, ಮೇ ೧೨, ೨೦೧೭

ನೀಲ್ದಾ,

ನೀನು ಕಳಿಸಿದ ಪೊಟ್ಟಣ ಸಿಕ್ಕಿತು. ಬಸ್ಸಿನ ಕಸಿಮೀರೊ ಅದನ್ನು ಸೀಟಿನ ಕೆಳಗಿಟ್ಟು ಮರೆತಿದ್ದನಂತೆ. ಮೇಲೆ ಕೋಳಿ ಕಾಲಿಟ್ಟ ಗುರುತು ಇನ್ನೂ ಇದೆ. ಎರಡು ವರ್ಷ ಒಂದು ಸಾಲು ಬರೆಯದವಳು ಬಟ್ಟೆ ಕಳಿಸಿದ್ದಾಳಲ್ಲ, ನನ್ನ ಹೆಣಕ್ಕೆ ಹೊದಿಸಲಿಕ್ಕೇ ಇರಬೇಕು ಅಂದುಕೊಂಡೆ. ಬಿಚ್ಚಿ ನೋಡಿದರೆ ತಟ್ಟೆಯಗಲದ ತುಂಡುಗಳು. ಮುಖಕ್ಕೆ ಸಾಕು, ಕಾಲಿಗೇನು ಮಾಡಲಿ?

ಜೊತೆಗಿದ್ದ ಅಚ್ಚಿನ ಕಾಗದವನ್ನೂ ಓದಿದೆ. ನಾನು ಶಾಲೆಗೆ ಹೋದದ್ದು ಮೂರು ವರ್ಷ. ಅದರಲ್ಲಿ ಒಂದು ವರ್ಷ ಮೇಷ್ಟರ ಹಂದಿ ಮೇಯಿಸಿದ್ದು. ಅಷ್ಟು ಓದಿಗೆ ಎಟುಕಿದ್ದು ಇಷ್ಟೇ: ಇದನ್ನು ಮಡಕೆಯ ಬಾಯಿಗೆ ಕಟ್ಟಿ ನೀರು ಸುರಿದರೆ ನೀರಿನಲ್ಲಿರುವ ಸೀಸ ಬಟ್ಟೆಗೆ ಅಂಟಿಕೊಳ್ಳುತ್ತದೆ, ಒಳ್ಳೆಯ ನೀರು ಕೆಳಗಿಳಿಯುತ್ತದೆ.

ಊರಸಭೆಯಲ್ಲಿ ನಿಂತು, ನಿನ್ನ ತಾತ ಎಮೆತೆರಿಯೊ ಅಗೆದ ಒರತೆಯಲ್ಲಿ ವಿಷವಿದೆ ಅಂದವಳು ನೀನು. ‘ಆ ನೀರು ಕುಡಿದೇ ಅಲ್ವೇನೇ ನಿನ್ನ ನಾಲಿಗೆ ಇಷ್ಟುದ್ದ ಬೆಳೆದಿದ್ದು’ ಅಂದವಳು ನಾನು. ಆ ಮಾತನ್ನು ಈಗ ಎತ್ತುತ್ತಿಲ್ಲ. ಬೇರೆ ಕಾರಣಕ್ಕೆ ಬರೆಯುತ್ತಿದ್ದೇನೆ.

ನಿನ್ನ ಅಕ್ಕ ಬೆನೀತಾಳ ಮಗ ಎಲ್ಮೆರ್‌ಗೆ ಬರುವ ಆಗಸ್ಟಿಗೆ ಮೂರು ತುಂಬುತ್ತದೆ. ಬಾಯಲ್ಲಿ ಒಂದು ಮಾತಿಲ್ಲ. ಹೊಟ್ಟೆ ಹಿಡಿದುಕೊಂಡು ಒಲೆಯ ಮೂಲೆಯಲ್ಲಿ ಕೂರುತ್ತಾನೆ, ಅಳುವುದೂ ಇಲ್ಲ. ಆರೋಗ್ಯ ಕೇಂದ್ರದ ನರ್ಸ್ ಯೂಡಿತ್ ರಕ್ತ ತೆಗೆದು ಪಟ್ಟಣಕ್ಕೆ ಕಳಿಸಿದ್ದಳು. ಮೊನ್ನೆ ಬಂದು, ‘ಅಜ್ಜೀ, ಮಗೂನ ರಕ್ತದಲ್ಲಿ ಸೀಸ ಇದೆ. ನೀರು ಬದಲಾಯಿಸಿ, ಇಲ್ಲಾಂದ್ರೆ ಮಗೂನ ಇಲ್ಲಿಂದ ಕರ್ಕೊಂಡ್ಹೋಗಿ’ ಅಂದಳು. ಅವತ್ತಿನಿಂದ ಬೆನೀತಾ ಗಂಟು ಕಟ್ಟಿಕೊಂಡು ಕೂತಿದ್ದಾಳೆ. ಎಲ್ಲಿಗೆ ಹೋಗುತ್ತಾಳೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಆದ್ದರಿಂದ ನಿನ್ನ ಬಟ್ಟೆ ಕಟ್ಟುತ್ತೇನೆ. ನಿನ್ನನ್ನು ನಂಬಿ ಅಲ್ಲ, ಹುಡುಗನಿಗಾಗಿ.

ಇದನ್ನು ನೂತವರು ಯಾರು? ಮೊಟ್ಟೆಯ ಒಳಪೊರೆಯ ಹಾಗಿದೆ, ಬೆಳಕಿಗೆ ಹಿಡಿದರೂ ಎಳೆ ಕಾಣುವುದಿಲ್ಲ. ಬಣ್ಣ ಮಾತ್ರ ಎಳೆ ಬಟಾಣಿ ಸಿಪ್ಪೆಯದು, ಯಾರಿಗೆ ಬೇಕು. ಫೋನು ಮಾಡು ಅನ್ನಬೇಡ. ಇಲ್ಲಿ ಫೋನು ಮಾತಾಡಬೇಕಾದರೆ ಬೆಟ್ಟ ಹತ್ತಬೇಕು, ನನ್ನ ಮಂಡಿ ಒಪ್ಪುವುದಿಲ್ಲ. ಕುರಿಹಾಲಿನ ಚೀಸ್ ಕಳಿಸಿದ್ದೇನೆ. ಕಸಿಮೀರೊ ಅರ್ಧ ತಿಂದಿರುತ್ತಾನೆ, ಕೇಳು.

ನಿನ್ನ ಅಜ್ಜಿ,
ಸತುರ್ನೀನಾ


ಲೀಮಾ, ಮೇ ೨೮

ಅಜ್ಜೀ,

ಚೀಸ್ ಮುಕ್ಕಾಲು ಪಾಲು ಬಂತು.

ಬಟ್ಟೆ ನೂತವಳು ನಾನೇ, ಇಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ. ತಕಲಿ ಇಲ್ಲ. ಅಂಟಿನಂಥ ದ್ರವವನ್ನು ಸೂಜಿಯ ತುದಿಗೆ ತಂದು ವಿದ್ಯುತ್ ಕೊಟ್ಟರೆ ಅದು ತಾನಾಗಿಯೇ ಎಳೆಯಾಗಿ ಹಾರಿ, ಎದುರಿಗೆ ತಿರುಗುವ ಉರುಳೆಯ ಮೇಲೆ ಸುತ್ತಿಕೊಳ್ಳುತ್ತದೆ. ನಿನ್ನ ಕೂದಲಿಗಿಂತ ಎಷ್ಟೋ ಪಾಲು ಸಣ್ಣ ಎಳೆ. ಸೀಸವನ್ನು ಹಿಡಿಯುವ ಒಂದು ಪುಡಿಯನ್ನು ಅದರಲ್ಲಿ ಬೆರೆಸಿದ್ದೇವೆ. ಸೀಸ ಸಿಕ್ಕಿದಂತೆಲ್ಲ ಹಸಿರು ಹೋಗಿ ಕೆಂಪಾಗುತ್ತದೆ. ಪೂರ್ತಿ ಕೆಂಪಾಯಿತೆಂದರೆ ಅದರ ಹೊಟ್ಟೆ ತುಂಬಿತು, ಇನ್ನು ಹಿಡಿಯುವುದಿಲ್ಲ. ಆಗ ಬಿಚ್ಚಿ ಹೊಸದು ಕಟ್ಟಿ. ಅಷ್ಟೇ.

ಇನ್ನೊಂದಿಷ್ಟು ಕಳಿಸಿದ್ದೇನೆ. ಊರಿನವರಿಗೂ ಕೊಡು, ತೆಗೆದುಕೊಂಡರೆ.

ಇಲ್ಲಿ ಲೋಟಕ್ಕೆ ನೀರು ಹಿಡಿದಾಗಲೆಲ್ಲ ಎಲ್ಮೆರ್ ನೆನಪಾಗುತ್ತಾನೆ. ನಾನು ನೋಡಿದಾಗ ಅವನಿಗೆ ಹಲ್ಲೂ ಬಂದಿರಲಿಲ್ಲ. ಬೆನೀತಾಗೆ ಸ್ವಲ್ಪ ತಾಳು ಅನ್ನು.

ನಿನ್ನ ಮಂಡಿ ಹೇಗಿದೆ?

ನೀಲ್ದಾ


ಪುಕ್ಯುಪಾತಾ, ಜೂನ್ ೧೮

ನೀಲ್ದಾ,

ಕೆಂಪಾಯಿತು ಕಣೇ.

ಮೊದಲು ಚಿಗಟ ಕಚ್ಚಿದ ಹಾಗೆ ಒಂದು ಚುಕ್ಕೆ. ಆಮೇಲೆ ನಡುವಿನಿಂದ ಹಬ್ಬುತ್ತ ಹಬ್ಬುತ್ತ ಇಡೀ ಬಟ್ಟೆ. ನೀರು ಇಳಿಯುವುದು ಮಾತ್ರ ಬಲು ನಿಧಾನ. ಒಂದು ಕೊಡ ಇಳಿಯುವಷ್ಟರಲ್ಲಿ ಆಲೂಗಡ್ಡೆ ಬೇಯಿಸಿ, ತಿಂದು, ಸಿಪ್ಪೆಯನ್ನು ಗಿನಿಹಂದಿಗಳಿಗೆ ಹಾಕಿಯೂ ಆಗುತ್ತದೆ.

ಸುದ್ದಿ ಹಬ್ಬಿ ಊರೇ ಅಂಗಳಕ್ಕೆ ಬಂತು. ಈ ವರ್ಷ ಊರಿನ ಯಜಮಾನಿಕೆಯ ಕೋಲು ಹಿಡಿದಿರುವವನು ದೋನ್ ಫಾಕುಂದೊ. ಕೋಲಿನಿಂದಲೇ ಮಡಕೆಯನ್ನು ತೋರಿಸಿ ಕೇಳಿದ:

‘ಬಣ್ಣ ಹಾಕೋದು ನಿಂಗೇನು ಹೊಸದಾ ಸತುಕಾ? ಕಳ್ಳಿಗಿಡದ ಕೆಂಪುಹುಳ ಅರೆದು ಬಳಿದಿದೀಯ, ಮೊಮ್ಮಗಳ ಮಾನ ಉಳಿಸೋಕೆ.’

‘ಉಳಿಸೋ ಹಾಗಿದ್ರೆ ಅವತ್ತು ಸಭೇಲೇ ಉಳಿಸ್ತಿದ್ದೆ. ತಗೋ, ನಿಮ್ಮನೆ ಮಡಕೆಗೆ ನೀನೇ ಕಟ್ಟು. ನಾನು ಆ ಕಡೆ ತಲೆ ಹಾಕೂ ಮಲಗಲ್ಲ.’

ಕಟ್ಟಿದ. ನಾಲ್ಕು ದಿನದಲ್ಲಿ ಅದೂ ಕೆಂಪು. ಆಮೇಲೆ ಆಚೆ ಕಣಿವೆಯಿಂದ ಹಿಮ ಕರಗಿ ಬರುವ ನೀರನ್ನು ಕತ್ತೆಯ ಮೇಲೆ ಹೇರಿ ತರಿಸಿ, ನಮ್ಮ ಹಸಿಂತಾಳ ಮಡಕೆಗೆ ಸುರಿದರು. ವಾರ ಕಳೆದರೂ ಅದರ ಬಟ್ಟೆ ಹಸಿರಾಗಿಯೇ ಉಳಿಯಿತು.

‘ಮನುಷ್ಯರು ಸುಳ್ಳು ಹೇಳ್ಬೋದು ಕೊಮಾದ್ರೆ, ಬಟ್ಟೆಗೆ ಏನು ಲಾಭ?’ ಅಂದಳು ಹಸಿಂತಾ. ನನ್ನ ಮಗನಿಗೆ ಜ್ಞಾನಸ್ನಾನದ ತಾಯಿಯಾದಾಗಿನಿಂದ ಅವಳು ನನ್ನನ್ನು ಕೊಮಾದ್ರೆ ಅಂದೇ ಕರೆಯುವುದು, ಜಗಳವಾಡುವಾಗಲೂ. ಫಾಕುಂದೊ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತ. ‘ನಮ್ಮ ಮಕ್ಕಳೂ ತಡವಾಗೇ ಮಾತು ಕಲಿತವು,’ ಅಂದ. ‘ಬೆಟ್ಟದ ಗಾಳಿಗೆ ಹಾಗಾಗುತ್ತೆ ಅಂದ್ಕೊಂಡಿದ್ವಿ.’

ಸಂಜೆ ನಾನು ಒರತೆಯ ಹತ್ತಿರ ಹೋದೆ. ಕಲ್ಲಿನಲ್ಲಿ ನಿನ್ನ ತಾತನ ಉಳಿಯ ಗುರುತು ಹಾಗೇ ಇದೆ. ತಪ್ಪು ಒರತೆಯದಲ್ಲ, ಮೇಲಿನ ಹಳೆಯ ಗಣಿಯವರು ಬಿಟ್ಟುಹೋದ ಸುರಂಗದ್ದು ಎಂದು ನೀನು ಅವತ್ತೇ ಹೇಳಿದ್ದೆಯಂತೆ, ಹಸಿಂತಾ ಅಂದಳು. ಮಾತಿನ ಆ ಭಾಗ ನನಗೆ ಅವತ್ತು ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತು ಕೂತು ಬಂದೆ.

ಈಗ ಮನೆಮನೆಯ ಮಡಕೆಗೂ ಬಟ್ಟೆ. ಬೆನೀತಾ ಗಂಟು ಬಿಚ್ಚಿಲ್ಲ, ಆದರೆ ಹೊರಟೂ ಇಲ್ಲ.

ಒಂದು ಮಾತು ಒಪ್ಪಬೇಕು. ಏನು ಕೆಂಪು ಅದು! ಹುಳ ಅರೆದು, ಕುದಿಸಿ, ನಿಂಬೆ ಹಿಂಡಿ ಒದ್ದಾಡಿದರೂ ನನ್ನ ಕೈಗೆ ಅಷ್ಟು ಸಮನಾದ ಕೆಂಪು ಬಂದದ್ದಿಲ್ಲ. ಬಿಚ್ಚಿದ್ದನ್ನೆಲ್ಲ ಹೆಂಗಸರು ಒಣಗಿಸಿ ಎತ್ತಿಡುತ್ತಿದ್ದಾರೆ. ಸಾಂತಿಯಾಗೊ ಹಬ್ಬ ಹತ್ತಿರ ಬಂತಲ್ಲ.

ಅಜ್ಜಿ,
ಸತುರ್ನೀನಾ


ಪುಕ್ಯುಪಾತಾ, ಜುಲೈ ೨೭

ನೀಲ್ದಾ ಮಗಳೇ,

ಇಂಥ ಸಾಂತಿಯಾಗೊ ಕಂಡು ಎಷ್ಟು ಕಾಲವಾಗಿತ್ತು! ನೀನು ಇರಬೇಕಿತ್ತು.

ಪ್ರತಿ ವರ್ಷ ಕುರಿ, ಅಲ್ಪಾಕಾಗಳ ಕಿವಿಗೆ ಪೇಟೆಯ ರಿಬ್ಬನ್ನು ಕಟ್ಟುತ್ತಿದ್ದೆವು, ಎರಡು ಮಂಜು ಬಿದ್ದರೆ ಬೆಕ್ಕಿನ ಬಾಲದ ಹಾಗಾಗುತ್ತಿತ್ತು. ಈ ಸಲ ನಿನ್ನ ಬಟ್ಟೆಯನ್ನು ಕತ್ತರಿಸಿ ಕಟ್ಟಿದೆವು. ಇಡೀ ಮಂದೆ ಬೆಟ್ಟ ಹತ್ತುವಾಗ ಹೂವು ನಡೆದುಹೋದ ಹಾಗಿತ್ತು. ಕೆಳಗಿನೂರಿನವರು ಬಾಯಿ ಬಿಟ್ಟುಕೊಂಡು ನೋಡಿದರು. ‘ಎಲ್ಲಿ ತಂದ್ರಿ, ಎಲ್ಲಿ ತಂದ್ರಿ’ ಅಂತ ಹಿಂದೆ ಹಿಂದೆ ಬಂದರು. ‘ನನ್ನ ಮೊಮ್ಮಗಳು ನೂತದ್ದು. ನಿಮ್ಮೂರಲ್ಲಿ ಸಿಗಲ್ಲ’ ಅಂದೆ. ಫಾಕುಂದೊ ಮದ್ಯ ಏರಿಸಿಕೊಂಡು ಟಗರಿನ ಜೊತೆ ಕುಣಿದ. ಟಗರು ಅವನಿಗಿಂತ ಚೆನ್ನಾಗಿ ಕುಣಿಯಿತು.

ಎಲ್ಮೆರ್‌ಗೂ ಒಂದು ಕಟ್ಟಿದ್ದೇನೆ. ಕುರಿಗೆ ಕಟ್ಟಿದ್ದು ಕಣ್ಣು ಬೀಳದಿರಲಿ ಎಂದು. ಅವನಿಗೆ ಕಟ್ಟಿದ್ದು ಬೇರೆ ಲೆಕ್ಕ. ಒರತೆಯ ನೀರಿನಿಂದ ಅಷ್ಟು ಸೀಸವನ್ನು ಎಳೆದು ಹಿಡಿದ ಬಟ್ಟೆ, ಮಗುವಿನ ಮೈಯಲ್ಲಿರುವುದನ್ನು ಬಿಟ್ಟೀತೇ? ಎಲ್ಲಕ್ಕಿಂತ ಕೆಂಪಗಿದ್ದುದನ್ನು ಆರಿಸಿ, ಸೀಳಿ, ಜಡೆಯ ಹಾಗೆ ಹೆಣೆದು ಬಲಗೈಗೆ ಕಟ್ಟಿದೆ. ಯಾರೂ ಬಿಚ್ಚಕೂಡದು ಅಂದಿದ್ದೇನೆ. ಅವನಿಗೂ ಅದು ಇಷ್ಟ. ದವಡೆಯ ಹಲ್ಲು ಬರುತ್ತಿದೆಯಲ್ಲ, ದಿನವಿಡೀ ಅದನ್ನೇ ಚೀಪುತ್ತಾನೆ.

ಇನ್ನು ಮಾತು ಬರುತ್ತದೆ ನೋಡು.

ನಿನ್ನ ಅಜ್ಜಿ,
ಸತುರ್ನೀನಾ


ಲೀಮಾ, ಜುಲೈ ೩೧

ಅಜ್ಜೀ,

ನಿನ್ನ ಕಾಗದ ಓದಿ, ಆರೋಗ್ಯ ಕೇಂದ್ರದ ರೇಡಿಯೊದಲ್ಲಿ ಯೂಡಿತ್‌ಗೆ ಈಗಷ್ಟೇ ಹೇಳಿದೆ. ಅವಳು ಓಡಿ ಬಂದಿರುತ್ತಾಳೆ. ಬಂದಿಲ್ಲವಾದರೆ ಮುಂದಿನ ಸಾಲು ಓದಬೇಡ. ಎದ್ದುಹೋಗಿ ಎಲ್ಮೆರ್‌ನ ಕೈಪಟ್ಟಿ ಕತ್ತರಿಸು.

ಕತ್ತರಿಸಿದೆಯಾ? ಅವನ ಕೈ, ಬಾಯಿ ತೊಳೆಸು. ನಿನ್ನದನ್ನೂ.

ಬಟ್ಟೆ ಸೀಸವನ್ನು ಕೊಂದಿಲ್ಲ ಅಜ್ಜಿ, ಹಿಡಿದುಕೊಂಡಿದೆ ಅಷ್ಟೇ. ಆ ಕೆಂಪು ಬಣ್ಣವೇ ಅದು ಅಲ್ಲಿದೆ ಎನ್ನುವ ಗುರುತು. ಚೀಪಿದರೆ, ನುಂಗಿದರೆ, ಹೊಟ್ಟೆಯ ಹುಳಿಗೆ ಮತ್ತೆ ಬಿಟ್ಟುಬಿಡುತ್ತದೆ. ಮೈಯೊಳಗಿನದನ್ನು ಎಳೆಯುವ ಶಕ್ತಿ ಅದಕ್ಕಿಲ್ಲ. ಕುರಿಗಳು ಒಂದರ ಕಿವಿ ಇನ್ನೊಂದು ನೆಕ್ಕುತ್ತವೆ, ಅವುಗಳದ್ದನ್ನೂ ಬಿಚ್ಚಿಸು. ಯಾವುದನ್ನೂ ಸುಡಬೇಡಿ, ತೊಳೆಯಬೇಡಿ, ಹೂಳಬೇಡಿ. ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಡಿ.

ಹೊಸ ಬಟ್ಟೆ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡ.

‘ಬಿಚ್ಚಿ ಹೊಸದು ಕಟ್ಟಿ’ ಎಂದು ಬರೆದೆ. ಬಿಚ್ಚಿದ್ದನ್ನು ಏನು ಮಾಡಬೇಕೆಂದು ಬರೆಯಲಿಲ್ಲ. ಹೆಂಗಸರು ಎತ್ತಿಡುತ್ತಿದ್ದಾರೆಂದು ನೀನು ಜೂನಿನಲ್ಲೇ ಬರೆದಿದ್ದೆ, ಆ ಸಾಲನ್ನು ಓದಿಯೂ ದಾಟಿಹೋದೆ. ಕುರಿಯ ಕಿವಿಗೆ ಕೆಂಪು ಕಟ್ಟುವ ಊರಲ್ಲೇ ಹುಟ್ಟಿದವಳು ನಾನು. ಇಲ್ಲಿ ಕೂತು, ಕೆಂಪಾದರೆ ದೂರದಿಂದಲೇ ಕಾಣುತ್ತದೆ ಎಂದು ಆ ಬಣ್ಣವನ್ನು ಆರಿಸಿದವಳೂ ನಾನೇ.

ರಕ್ತಪರೀಕ್ಷೆಯ ಉತ್ತರ ಬಂದ ಕೂಡಲೇ ತಿಳಿಸು.

ನೀಲ್ದಾ


ಪುಕ್ಯುಪಾತಾ, ಆಗಸ್ಟ್ ೧೪

ನೀಲ್ದಾ,

ಯೂಡಿತ್ ಬಂದಿದ್ದಳು, ಕತ್ತರಿ ಹಿಡಿದೇ ಬಂದಳು. ಕೈಪಟ್ಟಿಯ ಗಂಟು, ನಾನು ಬಿಗಿಯಾಗಿಯೇ ಹಾಕಿದ್ದೆ. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಹುಡುಗನ ರಕ್ತ ಮತ್ತೆ ತೆಗೆದರು. ಮೊದಲಿಗಿಂತ ಸ್ವಲ್ಪ ಏರಿದೆಯಂತೆ. ಬೇಗ ಬಿಚ್ಚಿದ್ದಕ್ಕೆ ಸ್ವಲ್ಪದರಲ್ಲೇ ನಿಂತಿತು, ಮಾತ್ರೆ ಬೇಕಾಗಿಲ್ಲ, ಒಳ್ಳೆಯ ನೀರು, ಹಾಲು, ಮೊಟ್ಟೆ ಕೊಡಿ, ಕಾಯೋಣ ಅಂದಳು. ಬೆನೀತಾ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಊಟ ಹಾಕುತ್ತಾಳೆ, ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡುತ್ತಾಳೆ. ಗಂಟು ಬಾಗಿಲ ಹತ್ತಿರಕ್ಕೆ ಬಂದಿದೆ.

ಕಟ್ಟುವಾಗ ಹಾಡು, ಕುಣಿತ, ಮದ್ಯ ಎಲ್ಲ ಇತ್ತು. ಬಿಚ್ಚುವಾಗ ಬರೀ ಬೈಗುಳ. ಮಂದೆಯನ್ನು ಬೆಟ್ಟದಿಂದ ಇಳಿಸಿ ಒಂದೊಂದರ ಕಿವಿ ಹಿಡಿದೆವು. ಫಾಕುಂದೊನ ಮುಖಕ್ಕೆ ಅಲ್ಪಾಕಾ ಉಗಿಯಿತು. ‘ಪಾದ್ರಿಗಿಂತ ಚೆನ್ನಾಗಿ ಚಿಮುಕಿಸ್ತು ಬಿಡಿ’ ಅಂತ ಹಸಿಂತಾ ನಕ್ಕಳು. ನಕ್ಕವಳ ಲಂಗದ ಅಂಚಿನಲ್ಲೇ ಒಂದು ತುಂಡು ಹೊಲಿದಿತ್ತು.

‘ಇದೊಂದು ಬಿಡೇ ಕೊಮಾದ್ರೆ. ಮಗಳ ಮದುವೆಗೆ ಉಡೋದು.’

‘ಮದುವೆಗೆ ಬಂದೋರೆಲ್ಲ ಹೊಟ್ಟೆ ಹಿಡ್ಕೊಂಡು ಕೂರ್ಬೇಕಾ? ಬಿಚ್ಚು ಲಂಗ.’

‘ಇಲ್ಲೇನೇ? ಗಂಡಸರ ಮುಂದೆ?’

‘ನಿನ್ನ ನೋಡೋಕೆ ಯಾರೂ ಕಾದು ಕೂತಿಲ್ಲ. ಬಿಚ್ಚು.’

ಆಮೇಲೆ ಸಭೆ ಸೇರಿತು. ಫಾಕುಂದೊ ಕೋಲನ್ನು ನೆಲಕ್ಕೆ ಕುಟ್ಟಿ, ‘ನೀರಲ್ಲಿದ್ದ ವಿಷಾನ ತೆಗೆದು ಅವಳು ನಮ್ಮ ಮನೆಯೊಳಗಿಟ್ಟಳು. ಆ ಬಟ್ಟೇನೂ ಬೇಡ, ಅವಳೂ ಬೇಡ’ ಅಂದ. ತುಂಬಾ ಜನ ತಲೆಯಾಡಿಸಿದರು. ನಾನೂ ಎದ್ದು ಒಂದೆರಡು ಮಾತಾಡಿದೆ. ಅದೇನೂ ದೊಡ್ಡದಲ್ಲ. ಬಟ್ಟೆ ಮಡಕೆಗಳ ಮೇಲೇ ಇದೆ.

ಇನ್ನು ನಿನ್ನ ವಿಷಯಕ್ಕೆ ಬರುತ್ತೇನೆ. ಮುಂದಿನ ಸಲ ಕೆಂಪಿನ ಬದಲು ಕಪ್ಪಾಗುವ ಬಟ್ಟೆ ಮಾಡುತ್ತೇನೆ, ಕಪ್ಪನ್ನು ಯಾರೂ ಮುಟ್ಟುವುದಿಲ್ಲ ಎಂದು ಯೂಡಿತ್‌ಗೆ ಹೇಳಿದೆಯಂತೆ. ಸತ್ತವರ ಐದನೆಯ ದಿನ ನಾವೇನು ಮಾಡುತ್ತೇವೆ? ಅವರ ಬಟ್ಟೆಯನ್ನೆಲ್ಲ ಹೊಳೆಗೆ ಒಯ್ದು ತೊಳೆಯುತ್ತೇವೆ, ಹರಿದದ್ದನ್ನು ದಂಡೆಯಲ್ಲೇ ಸುಡುತ್ತೇವೆ. ನಿನ್ನ ತಾತನ ಪೋಂಚೊವನ್ನು ನೀನೇ ನನ್ನ ಎದುರು ಹಿಡಿದು ಹಿಂಡಿದ್ದೆ. ಕಪ್ಪಾಗಿ ಸತ್ತ ಬಟ್ಟೆ ಕೈಗೆ ಬಂದರೆ ಈ ಊರಿನ ಹೆಂಗಸರ ಕಾಲು ತಾನಾಗಿ ಹೊಳೆಯ ಕಡೆ ನಡೆಯುತ್ತದೆ. ನಿನ್ನ ಸೀಸವೆಲ್ಲ ಮತ್ತೆ ನೀರಿಗೇ.

ಬಣ್ಣದ ಯೋಚನೆ ಬಿಡು. ಹಸಿಂತಾ ನನಗೆ ಬಟ್ಟಲಲ್ಲಿ ಸೂಪು ಕಳಿಸಿದರೆ ಆ ಬಟ್ಟಲನ್ನು ನಾನು ಬರಿದಾಗಿ ತಿರುಗಿ ಕಳಿಸಿದ್ದುಂಟೇ? ಎರಡು ಆಲೂಗಡ್ಡೆಯನ್ನಾದರೂ ಹಾಕುತ್ತೇನೆ. ಹಾಕುವವರೆಗೂ ಆ ಬಟ್ಟಲು ನನ್ನನ್ನೇ ದುರುಗುಟ್ಟಿ ನೋಡುತ್ತಿರುತ್ತದೆ. ಈ ಊರಿನಲ್ಲಿ ಜಗಳವಾಡಿದವರೂ ಬಟ್ಟಲು ತುಂಬಿಸಿಯೇ ವಾಪಸು ಕೊಡುವುದು.

ಕಸಿಮೀರೊ ಕೈಯಲ್ಲಿ ನಮ್ಮ ಸೋರೆಬುರುಡೆಯ ಬಟ್ಟಲು ಕಳಿಸಿದ್ದೇನೆ, ಮುಚ್ಚಳ ಬಿಗಿದು, ಹೊಲಿದು. ಊರಿನ ಕೆಂಪೆಲ್ಲ ಅದರಲ್ಲಿದೆ. ತೆರೆಯಬೇಡ ಅಂದಿದ್ದೇನೆ, ಚೀಸ್ ಅಲ್ಲ ಅಂತಲೂ ಹೇಳಿದ್ದೇನೆ.

ಬರಿದಾಗಿ ಕಳಿಸಬೇಡ.

ಅಜ್ಜಿ,
ಸತುರ್ನೀನಾ


ಲೀಮಾ, ಸೆಪ್ಟೆಂಬರ್ ೬

ಅಜ್ಜೀ,

ಬಟ್ಟಲು ಬಂತು. ಪ್ರಯೋಗಾಲಯದ ಕಾವಲುಗಾರ ಒಳಗೆ ಬಿಡಲಿಲ್ಲ. ‘ಅಡುಗೆ ಪಾತ್ರೆಗೆಲ್ಲ ಇಲ್ಲಿ ಜಾಗ ಇಲ್ಲಮ್ಮ’ ಅಂದ. ನಮ್ಮ ಪ್ರೊಫೆಸರ್ ತಾವೇ ಬಂದು ಎತ್ತಿಕೊಂಡು ಹೋದರು. ಮುಚ್ಚಳ ಬಿಚ್ಚಿದಾಗ ಮದ್ಯ, ಉಣ್ಣೆ, ಒಲೆಯ ಹೊಗೆ ಎಲ್ಲದರ ವಾಸನೆ ಒಟ್ಟಿಗೆ ಬಂತು. ನಾನು ಹೊರಗಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ.

ಕೆಂಪು ಬಟ್ಟೆಯನ್ನು ಇಲ್ಲಿ ಹುಳಿನೀರಿನಲ್ಲಿ ಅದ್ದಿದರೆ ಸೀಸ ಬಿಡುತ್ತದೆ. ಅದನ್ನು ಬೇರೆ ಮಾಡಿ ಗಾಜಿನ ಬಾಟಲಿಯಲ್ಲಿ ಮುಚ್ಚಿಡುತ್ತೇವೆ, ಯಾವ ಹೊಳೆಗೂ ಹೋಗುವುದಿಲ್ಲ. ಸೀಳದೆ ಉಳಿದಿದ್ದ ಬಟ್ಟೆಗಳಲ್ಲಿ ಹೆಚ್ಚಿನವು ತೊಳೆದ ಮೇಲೆ ಮತ್ತೆ ಹಸಿರಾದವು, ಮತ್ತೆ ಹಿಡಿಯುತ್ತಿವೆ. ಕುರಿಯ ಕಿವಿಯಲ್ಲಿದ್ದ ಚೂರುಗಳಿಂದ ಏನೂ ಪ್ರಯೋಜನವಿಲ್ಲ. ನಿನ್ನ ಬಟ್ಟಲಲ್ಲಿ ಹಳೆಯದನ್ನೂ ಹೊಸದನ್ನೂ ತುಂಬಿ ಕಳಿಸಿದ್ದೇನೆ. ಇನ್ನು ಮೇಲೆ ಪ್ರತಿ ಮನೆಗೂ ಒಂದು ಬಟ್ಟಲು. ಅಲ್ಲಿಂದ ಕೆಂಪು ಬಂದರೆ ಇಲ್ಲಿಂದ ಹಸಿರು ಹೋಗುತ್ತದೆ. ಈ ಉಪಾಯ ಯಾರದೆಂದು ಪ್ರೊಫೆಸರ್ ಕೇಳಿದರು. ನಮ್ಮೂರಿನದು ಅಂದೆ.

ಕಪ್ಪಿನ ವಿಷಯ ಬಿಟ್ಟಿದ್ದೇನೆ. ಪೋಂಚೊ ಹಿಂಡಿದ್ದು ನೆನಪಿತ್ತು, ಆದರೂ ಹೊಳೆಯಲಿಲ್ಲ.

ಸಭೆಯಲ್ಲಿ ನೀನು ಏನಂದೆ ಎಂದು ಯೂಡಿತ್ ರೇಡಿಯೊದಲ್ಲಿ ಹೇಳಿದಳು. ‘ಈ ಡಬ್ಬಿಯಲ್ಲಿರೋ ಕೆಂಪೆಲ್ಲ, ಆ ಬಟ್ಟೆ ಇಲ್ದಿದ್ರೆ ಎಲ್ಲಿರ್ತಿತ್ತು ಹೇಳು ಫಾಕುಂದೊ? ನಿನ್ನ ಮೊಮ್ಮಕ್ಕಳ ಹೊಟ್ಟೇಲಿ. ಅವಳು ಅವತ್ತೇ ಹೇಳಿದ್ಲು. ನಿಮ್ಗೂ ಕೇಳಿಸ್ಲಿಲ್ಲ, ನಂಗೂ ಕೇಳಿಸ್ಲಿಲ್ಲ.’ ಇದೇ ಮಾತು ಅಲ್ಲವೇ? ಅವಳಿಂದ ಎರಡು ಸಲ ಹೇಳಿಸಿಕೊಂಡೆ. ರೇಡಿಯೊ ಸರಿಯಾಗಿ ಕೇಳುತ್ತಿಲ್ಲ ಅಂತ ಸುಳ್ಳು ಹೇಳಿ.

ನೀಲ್ದಾ


ಪುಕ್ಯುಪಾತಾ, ಡಿಸೆಂಬರ್ ೩

ನೀಲ್ದಾ ಮಗಳೇ,

ಯೂಡಿತ್‌ಗೆ ಬಾಯಿ ಜಾಸ್ತಿ. ಅವಳಿಗೆ ಹೇಳಿದ್ದೇನೆ.

ಬಟ್ಟಲುಗಳು ತಿರುಗುತ್ತಿವೆ. ಕಸಿಮೀರೊ ಈಗ ಅವಕ್ಕೆಂದೇ ಒಂದು ಸೀಟು ಬಿಡುತ್ತಾನೆ, ಕೋಳಿಗಳು ನೆಲಕ್ಕೆ ಇಳಿದಿವೆ. ಯಾರ ಮನೆಯ ಬಟ್ಟಲು ತಡವಾಯಿತೋ ಅವರ ಹೆಸರನ್ನು ಹಸಿಂತಾ ಒರತೆಯಿಂದ ಚರ್ಚಿನವರೆಗೆ ಕೂಗಿಕೊಂಡು ಹೋಗುತ್ತಾಳೆ. ಫಾಕುಂದೊ ಮೊದಮೊದಲು ತನ್ನ ಬಟ್ಟಲಲ್ಲಿ ಕೆಂಪು ಬಟ್ಟೆಯ ಜೊತೆ ಎರಡು ಆಲೂಗಡ್ಡೆಯನ್ನೂ ಇಡುತ್ತಿದ್ದ, ಮರ್ಯಾದೆಗೆ. ವಿಷದ ಜೊತೆ ಆಲೂಗಡ್ಡೆ ಇಡಬೇಡವೋ ಅಂತ ಗದರಿದ ಮೇಲೆ ಬೇರೆ ಚೀಲದಲ್ಲಿ ಕಳಿಸುತ್ತಾನೆ. ಸಿಕ್ಕಿರಬೇಕು.

ಮೇಲಿನ ಸುರಂಗದ ಬಾಯಿ ಮುಚ್ಚುತ್ತೇವೆಂದು ಪಟ್ಟಣದಿಂದ ಮೂವರು ಬಂದು ಅಳೆದುಕೊಂಡು ಹೋದರು. ಅಂಗಳದಲ್ಲಿ ಕೂರಿಸಿ, ಒರತೆಯ ನೀರನ್ನು ಸೋಸದೆ ಲೋಟಕ್ಕೆ ಹಾಕಿ ಮುಂದಿಟ್ಟೆ. ಒಬ್ಬರಿಗೂ ಬಾಯಾರಿಕೆ ಇರಲಿಲ್ಲ. ಮುಚ್ಚುತ್ತಾರೋ ಇಲ್ಲವೋ, ಲೋಟ ನೋಡಿದ ಅವರ ಮುಖವನ್ನು ನಾನು ಮರೆಯುವುದಿಲ್ಲ, ಅವರೂ ಮರೆಯಲಾರರು.

ಹುಡುಗನ ರಕ್ತದ ಉತ್ತರ ಬಂತು. ಇಳಿದಿದೆ. ಮೇ ತಿಂಗಳಿನದಕ್ಕಿಂತಲೂ ಕೆಳಗೆ. ಪೂರ್ತಿ ಇಳಿಯಲು ಇನ್ನೂ ಕಾಲ ಬೇಕು, ಆದರೆ ದಾರಿ ಸರಿಯಿದೆ ಅಂದಳು ಯೂಡಿತ್. ಅವತ್ತು ಬೆನೀತಾ ತಟ್ಟೆಯನ್ನು ಮೆಲ್ಲಗೆ ಇಟ್ಟಳು.

ಮುಖ್ಯವಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ನೀನು ಮೊದಲೇ ಓದಿಬಿಟ್ಟರೆ ಉಳಿದದ್ದನ್ನು ಓದುವುದಿಲ್ಲ.

ನಿನ್ನೆ ನಾನೂ ಬೆನೀತಾಳೂ ಆಲೂಗಡ್ಡೆ ಹೊಲದ ಕಳೆ ಕಿತ್ತು ಸುಸ್ತಾಗಿ ಬಂದಿದ್ದೆವು. ಮಡಕೆಯಿಂದ ಲೋಟಕ್ಕೆ ಬಗ್ಗಿಸಿ ಎಲ್ಮೆರ್‌ನ ಬಾಯಿಗೆ ಹಿಡಿದೆ. ತಲೆ ತಿರುಗಿಸಿದ. ಮತ್ತೆ ಹಿಡಿದೆ. ಲೋಟವನ್ನು ಕೈಯಿಂದ ತಳ್ಳಿದ, ನನ್ನ ಲಂಗವೆಲ್ಲ ಒದ್ದೆ. ‘ಏನೋ ನಿನ್ನ ಕೊಬ್ಬು’ ಅಂತ ಕೈ ಎತ್ತಿದೆ. ಅವನು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಮಡಕೆಯ ಕಡೆ ಬೆರಳು ಚಾಚಿ, ‘ಕೆಂಪು’ ಅಂದ.

ನಾವಿಬ್ಬರೂ ತಿರುಗಿ ನೋಡಿದೆವು. ಬಟ್ಟೆ ಅಂಚಿನವರೆಗೂ ಕೆಂಪಾಗಿತ್ತು. ಯಾವಾಗ ತುಂಬಿತೋ, ದುಡಿಮೆಯ ಗಡಿಬಿಡಿಯಲ್ಲಿ ಬೆನೀತಾ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

‘ಏನಂದೆ?’ ಅಂದಳು ಬೆನೀತಾ.

‘ಕೆಂಪು’ ಅಂದ, ನಾವು ಕಿವುಡರು ಎನ್ನುವ ಹಾಗೆ ಸ್ವಲ್ಪ ಜೋರಾಗಿ.

ಬೆನೀತಾ ಬಾಗಿಲ ಬಳಿಯ ಗಂಟು ಬಿಚ್ಚಿ ಲಂಗ, ಹೊದಿಕೆಗಳನ್ನೆಲ್ಲ ಮೊಳೆಗೆ ತೂಗುಹಾಕಿದಳು. ಗಂಟು ಕಟ್ಟಿದ್ದ ಬಟ್ಟೆಯಿಂದಲೇ ನನ್ನ ಲಂಗ ಒರೆಸಿದಳು. ಆ ಕೆಂಪನ್ನು ನಾನು ಬಿಚ್ಚಿದೆ. ಹುಡುಗನೇ ಬಟ್ಟಲಿನ ಮುಚ್ಚಳ ಹಿಡಿದು ನಿಂತಿದ್ದ. ಹಾಕಿದ ಮೇಲೆ ಕೈ ತೊಳೆದೆವು, ಮೂವರೂ.

ಬಟ್ಟಲು ಈ ಕಾಗದದ ಜೊತೆಗಿದೆ. ತುಂಬಿಸಿ ಕೊಡು. ಆದರೆ ಈ ಸಲ ಕಸಿಮೀರೊ ಕೈಗೆ ಕೊಡಬೇಡ, ನೀನೇ ತಾ. ಒರತೆಯ ಹತ್ತಿರ ನಿನ್ನ ತಾತನ ಕಲ್ಲು ಇಬ್ಬರು ಕೂರುವಷ್ಟು ಅಗಲ ಇದೆ.

ಮಂಡಿ ಹೇಗಿದೆ ಅಂತ ಕೇಳಿದ್ದೆಯಲ್ಲ. ನೋವಿದೆ. ಬಂದು ನೋಡು.

ನಿನ್ನ ಅಜ್ಜಿ,
ಸತುರ್ನೀನಾ